ದಿನವಿಡೀ ನಿಂತೇ ಕೆಲಸ ಮಾಡೋ ಅಮ್ಮನ ಮೂಳೆ ಯಾಕೆ ಸವೀತು? ಮೂಳೆ ಒಳಗೆ ನೀರು ಓಡಾಡುತ್ತೆ ಅಂತಾರಲ್ಲ, ಗೊತ್ತಿದ್ದೋರು ಬಿಡಿಸಿ ಹೇಳಿ

ಹೇಮಾವತಿ_ದಂಡೆ, ಹಾಸನ

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 56 ವರ್ಷ. ಹಾಸನದಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಸೆಕ್ಷನ್ನು, ಅಂದ್ರೆ ಟೇಬಲ್ ಮುಂದೆ ನಿಂತ್ಕೊಂಡು ಹೊಲಿದು ಬಂದ ಪೀಸ್ ತಿರುಗಿಸಿ ಮುರುಗಿಸಿ ನೋಡಿ, ಹೆಚ್ಚಿರೋ ದಾರ ಕಟ್ ಮಾಡಿ, ಪಕ್ಕಕ್ಕೆ ಇಡೋದು, ಬೆಳಿಗ್ಗೆ ಹೋದ್ರೆ ಸಾಯಂಕಾಲದ ತನಕ ಊಟ ಟೀ ಬಿಟ್ರೆ ಕೂರೋ ಮಾತಿಲ್ಲ, ವರ್ಷಗಟ್ಟಲೆ ಇದೇ ಕೆಲಸ. ಈ ಸಲ ಮಳೆಗಾಲದಲ್ಲಿ ಹಿತ್ತಲ ಪಾಚಿ ಮೇಲೆ ಕಾಲು ಜಾರಿ ಕೈ ಊರಿದ್ರು ನೋಡಿ, ಬಲಗೈ ಮಣಿಕಟ್ಟು ಮುರೀತು. ಇಷ್ಟಕ್ಕೆಲ್ಲ ಮುರೀಬಾರದು ಅಂತ ಡಾಕ್ಟ್ರು ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ರು. ಬೆನ್ನುಮೂಳೆ ಟಿ-ಸ್ಕೋರು ಮೈನಸ್ 2.7 ಅಂತ ಬಂದಿದೆ, ಮೈನಸ್ 2.5 ದಾಟಿದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆತ ಅಂತೆ. ಮಾತ್ರೆ, ಕ್ಯಾಲ್ಸಿಯಂ, ವಿಟಮಿನ್ ಡಿ ಎಲ್ಲ ಶುರುವಾಗಿದೆ, ಅದರ ಬಗ್ಗೆ ನನ್ನ ಪ್ರಶ್ನೆ ಅಲ್ಲ.

ಬ್ಯಾಂಡೇಜ್ ಬಿಚ್ಚಿದ ಮೇಲೆ ಫಿಸಿಯೋ ಹತ್ರ ಹೋದ್ವಿ. ಅವರು "ಮೂಳೆಗೆ ಲೋಡ್ ಬೀಳ್ಬೇಕಮ್ಮ, ಆಗಲೇ ಗಟ್ಟಿ ಆಗೋದು" ಅಂದ್ರು. ಅಮ್ಮ ತಕ್ಷಣ "ನಾನೇನು ಕೂತಿರ್ತೀನಾ ಡಾಕ್ಟ್ರೇ, ಮೈ ಭಾರ ಎಲ್ಲ ದಿನವಿಡೀ ಕಾಲ ಮೇಲೇ ಬಿಟ್ಟಿರ್ತೀನಲ್ಲ" ಅಂದ್ರು. ಅದಕ್ಕೆ ಅವರು "ನಿಂತಿರೋದು ಬೇರೆ, ಮೂಳೆ ಒಳಗೆ ನೀರು ಓಡಾಡ್ಬೇಕು" ಅಂತ ಹೇಳಿ ಮುಂದಿನ ಪೇಷಂಟ್ ಕರೆದುಬಿಟ್ರು. ಆಚೆ ಕ್ಯೂ ಇತ್ತು, ನಾವೂ ಎದ್ದು ಬಂದ್ವಿ.

ಅಮ್ಮನ ಪ್ರಶ್ನೆ ನಂಗೂ ನ್ಯಾಯ ಅನ್ಸುತ್ತೆ. ಭಾರ ಬಿದ್ರೆ ಮೂಳೆ ಗಟ್ಟಿ ಆಗೋದಾದ್ರೆ ದಿನವಿಡೀ ನಿಂತೋರ ಮೂಳೆ ಕಬ್ಬಿಣ ಆಗ್ಬೇಕಿತ್ತಲ್ವಾ? ಮತ್ತೆ ಅಷ್ಟು ಗಟ್ಟಿ ಮೂಳೆ ಒಳಗೆ ಯಾವ ನೀರು, ಎಲ್ಲಿ ಓಡಾಡುತ್ತೆ? ಮಜ್ಜೆ ಬಗ್ಗೆ ಹೇಳಿದ್ರಾ ಅವರು? ನಾನು ಓದಿರೋದು ಬಿಕಾಂ, ಆದ್ರೆ ನಿಧಾನಕ್ಕೆ ಹೇಳಿದ್ರೆ ಅರ್ಥ ಮಾಡ್ಕೋತೀನಿ.

ಕೋಶ_ಕಥೆ, ಅರಸೀಕೆರೆ

ಅಕ್ಕ, ನಿಮ್ಮಮ್ಮ ಕೇಳಿರೋದು ಈ ಸಬ್ಜೆಕ್ಟ್‌ನಲ್ಲೇ ದೊಡ್ಡ ಪ್ರಶ್ನೆ. ನಾನು ಅರಸೀಕೆರೆ ಕಡೆಯವನು, ಈಗ ಬೆಂಗಳೂರಲ್ಲಿ ಮೂಳೆ ಜೀವಕೋಶಗಳ ಮೇಲೇ ಪಿಎಚ್‌ಡಿ ಮಾಡ್ತಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ನೀರು ಎಲ್ಲಿದೆ ಅನ್ನೋದು. ಮಜ್ಜೆ ಅಲ್ಲ. ಮಜ್ಜೆ ಇರೋದು ಮೂಳೆ ನಡುವಿನ ಟೊಳ್ಳಿನಲ್ಲಿ, ನಾನು ಹೇಳ್ತಿರೋದು ಆ ಗಟ್ಟಿ ಬಿಳಿ ಭಾಗದ ಒಳಗೇ ಇರೋ ನೀರು. ನಾವು ಲ್ಯಾಬ್‌ನಲ್ಲೋ ಸ್ಕೂಲ್‌ನಲ್ಲೋ ನೋಡೋದು ಒಣಗಿದ ಮೂಳೆ, ಅದಕ್ಕೇ ಕಲ್ಲಿನ ಥರ ಅನ್ಸುತ್ತೆ. ಮೈಯೊಳಗಿರೋ ಜೀವಂತ ಮೂಳೆ ಒದ್ದೆ. ಅದರ ಗಟ್ಟಿ ಭಾಗದ ಗಾತ್ರದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಪಾಲು ನೀರೇ. ಒಂದಿಷ್ಟು ನೀರು ಮೂಳೆಯ ಕೊಲಾಜೆನ್ ಅನ್ನೋ ಪ್ರೋಟೀನ್ ನಾರಿಗೂ ಖನಿಜಕ್ಕೂ ಅಂಟಿಕೊಂಡಿರುತ್ತೆ, ಅದು ಕದಲಲ್ಲ. ಉಳಿದದ್ದು ಸಣ್ಣ ಸಣ್ಣ ನಾಳಗಳಲ್ಲಿ ಹರಿದಾಡೋಕೆ ಸ್ವತಂತ್ರ.

ಆ ನಾಳಗಳಲ್ಲಿ ಎರಡು ಅಂತಸ್ತು ಇದೆ. ದೊಡ್ಡವು ಹಾವರ್ಸಿಯನ್ ಕಾಲುವೆಗಳು, ಕ್ಲಾಪ್ಟನ್ ಹಾವರ್ಸ್ ಅನ್ನೋ ಇಂಗ್ಲಿಷ್ ವೈದ್ಯ 1691ರಲ್ಲೇ ಇವುಗಳ ಬಗ್ಗೆ ಬರೆದಿದ್ದ, ಇದರೊಳಗೆ ರಕ್ತನಾಳ ಹೋಗುತ್ತೆ, ಅಗಲ ಸುಮಾರು 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಅಂದ್ರೆ ಒಂದು ಮೈಕ್ರಾನ್), ಹೆಚ್ಚುಕಮ್ಮಿ ಒಂದು ಕೂದಲಿನಷ್ಟು. ಅದರ ಸುತ್ತ ಉಂಗುರ ಉಂಗುರವಾಗಿ ಮೂಳೆ ಪದರ, ಆ ಪದರಗಳ ಮಧ್ಯೆ ಸಣ್ಣ ಗೂಡುಗಳು, ಒಂದೊಂದು ಗೂಡಲ್ಲೂ ಒಂದು ಜೀವಕೋಶ. ಇದಕ್ಕೆ ಆಸ್ಟಿಯೋಸೈಟ್ ಅಂತಾರೆ. ದೊಡ್ಡೋರ ಮೂಳೆಯಲ್ಲಿರೋ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇವೇ, 2015ರಲ್ಲಿ ಮಾಡಿದ ಒಂದು ಅಂದಾಜಿನ ಪ್ರಕಾರ ಒಬ್ಬ ಮನುಷ್ಯನ ಅಸ್ಥಿಪಂಜರದಲ್ಲಿ ಸುಮಾರು 4,200 ಕೋಟಿ. ಪ್ರತಿ ಕೋಶದಿಂದಲೂ ಹತ್ತಾರು ತೆಳು ಎಳೆಗಳು ಹೊರಟು ಪಕ್ಕದ ಕೋಶದ ಎಳೆ ಮುಟ್ಟಿಕೊಂಡಿರುತ್ತೆ. ಆ ಎಳೆ ಹಾದುಹೋಗೋ ದಾರಿಯೇ ಎರಡನೇ ಅಂತಸ್ತಿನ ನಾಳ, ಕ್ಯಾನಾಲಿಕ್ಯುಲೈ, ಅಗಲ ಅರ್ಧ ಮೈಕ್ರಾನಿಗಿಂತ ಕಮ್ಮಿ. ಎಳೆಗೂ ನಾಳದ ಗೋಡೆಗೂ ನಡುವೆ ಉಳಿಯೋ ಸಂದಿ ಇನ್ನೂ ಚಿಕ್ಕದು. ನಿಮ್ಮ ಫಿಸಿಯೋ ಹೇಳಿದ ನೀರು ಓಡಾಡೋದು ಆ ಸಂದಿಯಲ್ಲೇ.

ಈಗ ನಡೆಯುವಾಗ ಏನಾಗುತ್ತೆ ನೋಡಿ. ತೊಡೆಮೂಳೆ ನೇರ ಕಂಬ ಅಲ್ಲ, ಸ್ವಲ್ಪ ಬಾಗಿದೆ, ಭಾರ ಬಿದ್ದಾಗ ಇನ್ನೊಂಚೂರು ಬಾಗುತ್ತೆ. ಬಾಗಿದಾಗ ಒಂದು ಮಗ್ಗಲು ಅದುಮಿಕೊಳ್ಳುತ್ತೆ, ಇನ್ನೊಂದು ಮಗ್ಗಲು ಎಳೆದುಕೊಳ್ಳುತ್ತೆ. ಅದುಮಿದ ಕಡೆ ನೀರಿನ ಒತ್ತಡ ಏರುತ್ತೆ, ಎಳೆದ ಕಡೆ ಇಳಿಯುತ್ತೆ, ನೀರು ಜಾಸ್ತಿ ಒತ್ತಡದಿಂದ ಕಮ್ಮಿ ಒತ್ತಡದ ಕಡೆಗೂ ಪಕ್ಕದ ಹಾವರ್ಸಿಯನ್ ಕಾಲುವೆ ಕಡೆಗೂ ನುಗ್ಗುತ್ತೆ. ಕಾಲು ಎತ್ತಿದ ತಕ್ಷಣ ಮೂಳೆ ಮೊದಲಿನ ಆಕಾರಕ್ಕೆ ಬರುತ್ತೆ, ನೀರು ವಾಪಸ್. ಹೀಗೆ ಹೆಜ್ಜೆ ಹೆಜ್ಜೆಗೂ ಹೋಗೋದು ಬರೋದು. ಕೋಶದ ಎಳೆ ಈ ಹರಿವಿನ ಮಧ್ಯ ಕೂತಿರುತ್ತೆ, ನೀರು ಉಜ್ಜಿಕೊಂಡು ಹೋಗುತ್ತೆ, ಆ ಉಜ್ಜುವಿಕೆಗೆ ಶಿಯರ್ ಸ್ಟ್ರೆಸ್ ಅಂತೀವಿ. ಕೋಶ ಭಾರ ಬಿತ್ತು ಅಂತ ತಿಳ್ಕೊಳ್ಳೋದು ಮುಖ್ಯವಾಗಿ ಇದರಿಂದ ಅನ್ನೋದು ಈಗ ಬಹುಪಾಲು ಜನ ಒಪ್ಪೋ ವಿವರಣೆ.

ಅದುಮೋದು ಅಂದೆ, ಎಷ್ಟು ಅಂತನೂ ಹೇಳ್ಬಿಡ್ತೀನಿ. ಜೋರಾಗಿ ಓಡಿದ್ರೂ ಮೊಣಕಾಲ ಕೆಳಗಿನ ಮೂಳೆ ಬದಲಾಗೋದು ಹತ್ತು ಸಾವಿರದಲ್ಲಿ ಇಪ್ಪತ್ತು ಭಾಗದ ಒಳಗೇ, ಶೇಕಡಾ 0.2. ಇಲ್ಲೊಂದು ತೊಡಕು ಇತ್ತು. ಇದೇ ಕೋಶಗಳನ್ನ ಲ್ಯಾಬ್‌ನಲ್ಲಿ ರಬ್ಬರ್ ಹಾಳೆ ಮೇಲೆ ಬೆಳೆಸಿ ಹಾಳೆ ಎಳೆದು ನೋಡಿದ್ರೆ ಅಷ್ಟು ಸಣ್ಣ ಎಳೆತಕ್ಕೆ ಜಪ್ಪಯ್ಯ ಅನ್ನಲ್ಲ, ಅದರ ಹತ್ತು ಪಟ್ಟು ಬೇಕು. ಅಷ್ಟು ಎಳೆದ್ರೆ ನಿಜವಾದ ಮೂಳೆ ಮುರಿದೇ ಹೋಗುತ್ತೆ. ಹಾಗಾದ್ರೆ ಮೈಯೊಳಗೆ ಕೋಶಕ್ಕೆ ಹೇಗೆ ಗೊತ್ತಾಗುತ್ತೆ? 1994ರಲ್ಲಿ ನ್ಯೂಯಾರ್ಕಿನ ವೈನ್‌ಬಾಮ್, ಕೋವಿನ್, ಝೆಂಗ್ ಮೂವರೂ ಸೇರಿ ಲೆಕ್ಕ ಹಾಕಿ ತೋರಿಸಿದ್ರು, ಮೂಳೆ ಅಷ್ಟು ಕಮ್ಮಿ ಬಾಗಿದ್ರೂ ಆ ಸಂದಿಯಲ್ಲಿ ಹರಿಯೋ ನೀರಿನ ಉಜ್ಜುವಿಕೆ 0.8ರಿಂದ 3 ಪ್ಯಾಸ್ಕಲ್ (ಒತ್ತಡ ಅಳೆಯೋ ಮಾನ) ಆಗುತ್ತೆ, ರಕ್ತನಾಳದ ಗೋಡೆಯ ಕೋಶಗಳು ಗುರುತಿಸೋ ಮಟ್ಟ ಅದು. ಆಮೇಲೆ 2001ರಲ್ಲಿ ಇದೇ ಗುಂಪು ಇನ್ನೊಂದು ಹೆಜ್ಜೆ ಹೋಯ್ತು, ಎಳೆಯನ್ನ ನಾಳದ ಗೋಡೆಗೆ ಕಟ್ಟಿರೋ ನಾರುಗಳನ್ನ ನೀರು ತಳ್ಳುವಾಗ ಎಳೆಯ ಚರ್ಮ ಎಳೆದುಕೊಳ್ಳುತ್ತೆ, ಹಾಗಾಗಿ ಮೂಳೆ ಮಟ್ಟದ ಸಣ್ಣ ಬಾಗು ಕೋಶದ ಮಟ್ಟಕ್ಕೆ ಬರೋ ಹೊತ್ತಿಗೆ ಹತ್ತು ಪಟ್ಟಿಗಿಂತ ಹೆಚ್ಚು ದೊಡ್ಡದಾಗುತ್ತೆ ಅಂತ. ನನಗೆ ಈ ಭಾಗ ಓದಿದಾಗಲೆಲ್ಲ ಮೈ ಜುಮ್ ಅನ್ಸುತ್ತೆ.

ಇದು ಬರೀ ಲೆಕ್ಕ ಅಲ್ಲ. 2011ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದೋರು ಇಲಿ ಕಾಲಿನ ಮೂಳೆಗೆ ಹೊಳೆಯೋ ಬಣ್ಣ ಸೇರಿಸಿ, ಲೇಸರ್‌ನಿಂದ ಒಂದು ಗೂಡಿನ ಬಣ್ಣ ಅಳಿಸಿ, ಭಾರ ಹಾಕ್ತಾ ಬಿಡ್ತಾ ಪಕ್ಕದಿಂದ ಬಣ್ಣ ಎಷ್ಟು ಬೇಗ ವಾಪಸ್ ತುಂಬುತ್ತೆ ಅಂತ ಅಳೆದ್ರು. ಹರಿವಿನ ವೇಗ ಹೆಚ್ಚೆಂದ್ರೆ ಸೆಕೆಂಡಿಗೆ ಸುಮಾರು 60 ಮೈಕ್ರಾನ್ ಬಂತು.

ನಿಂತಾಗ ಯಾಕೆ ಆಗಲ್ಲ ಅನ್ನೋದನ್ನ ಯಾರಾದ್ರೂ ಎಂಜಿನಿಯರ್ ಹೇಳಿದ್ರೆ ಚೆನ್ನಾಗಿರುತ್ತೆ, ಅದು ಅವರ ಏರಿಯಾ.

ಮಣ್ಣು_ಮೇಷ್ಟ್ರು, ಹಾಸನ

ಎಂಜಿನಿಯರ್ ಅಂದ್ರಲ್ಲ, ನಾನು ಹೇಳ್ತೀನಿ. ಇಲ್ಲೇ ಹಾಸನದಲ್ಲಿ ಸಿವಿಲ್ ಹುಡುಗರಿಗೆ ಸಾಯಿಲ್ ಮೆಕ್ಯಾನಿಕ್ಸ್ ಪಾಠ ಮಾಡ್ತೀನಿ. ನಿಮಗೆ ಆಶ್ಚರ್ಯ ಆಗ್ಬಹುದು, ಮೂಳೆ ನೀರಿನ ಲೆಕ್ಕಕ್ಕೆ ಬಳಸೋ ಗಣಿತ ಹುಟ್ಟಿದ್ದು ನಮ್ಮ ಮಣ್ಣಿನ ಸಬ್ಜೆಕ್ಟ್‌ನಲ್ಲಿ. ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಒದ್ದೆ ಜೇಡಿಮಣ್ಣಿನ ಮೇಲೆ ಕಟ್ಟಡ ಕಟ್ಟಿದ್ರೆ ಅದು ವರ್ಷಾನುಗಟ್ಟಲೆ ಯಾಕೆ ನಿಧಾನಕ್ಕೆ ಕುಸೀತಾ ಹೋಗುತ್ತೆ ಅಂತ ಲೆಕ್ಕ ಹಾಕಿದ, 1941ರಲ್ಲಿ ಮಾರಿಸ್ ಬಿಯೋ ಅದನ್ನ ಮೂರೂ ದಿಕ್ಕಿಗೆ ವಿಸ್ತರಿಸಿದ. ಅದಕ್ಕೇ ಪೋರೋಎಲಾಸ್ಟಿಸಿಟಿ ಅನ್ನೋದು, ಸಂದಿಯಲ್ಲಿ ನೀರು ತುಂಬಿರೋ ಘನವಸ್ತು ಭಾರಕ್ಕೆ ಹೇಗೆ ನಡ್ಕೊಳ್ಳುತ್ತೆ ಅನ್ನೋ ಶಾಸ್ತ್ರ. ಮೇಲೆ ಅರಸೀಕೆರೆ ತಮ್ಮ ಹೇಳಿದ ಕೋವಿನ್ ಅದನ್ನೇ ಮೂಳೆಗೆ ತಂದವರಲ್ಲಿ ಪ್ರಮುಖರು.

ಗದ್ದೆ ಬದುವಿನ ಮೇಲೆ ನಡೆದಿದೀರಲ್ವಾ, ನಾಲೆಗೆ ನೀರು ಬಿಟ್ಟಾಗ. ಒದ್ದೆ ಬದು ಮೇಲೆ ಪಾದ ಇಟ್ಟ ಕ್ಷಣ ಪಾದದ ಅಂಚಿನಲ್ಲಿ ನೀರು ಒಸರುತ್ತೆ. ಅಲ್ಲೇ ನಿಂತುಬಿಡಿ, ಸ್ವಲ್ಪ ಹೊತ್ತಿಗೆ ಒಸರೋದು ನಿಲ್ಲುತ್ತೆ. ನಿಮ್ಮ ತೂಕ ಏನೂ ಕಮ್ಮಿ ಆಗಿಲ್ಲ, ಆದ್ರೂ ನೀರು ನಿಂತ್ಹೋಯ್ತು. ಯಾಕಂದ್ರೆ ಭಾರ ಬಿದ್ದ ಮೊದಲ ಕ್ಷಣ ಅದರ ಒಂದು ಪಾಲನ್ನ ಸಂದಿಯ ನೀರು ಹೊತ್ತಿರುತ್ತೆ, ಒತ್ತಡ ಏರಿರುತ್ತೆ, ಆ ಒತ್ತಡಕ್ಕೆ ನೀರು ಆಚೀಚೆ ಸರೀತಾ ಹೋದಂಗೆ ಭಾರ ಮಣ್ಣಿನ ಕಣಗಳ ಮೇಲೆ ಬೀಳುತ್ತೆ. ಎಲ್ಲ ಕಣಗಳ ಮೇಲೆ ಬಂದಮೇಲೆ ನೀರಿಗೆ ಸರಿಯೋಕೆ ಕಾರಣನೇ ಇಲ್ಲ. ಇನ್ನೊಂದ್ಸಲ ಒಸರಬೇಕು ಅಂದ್ರೆ ಕಾಲು ಎತ್ತಿ ಇಡ್ಬೇಕು.

ನಿಮ್ಮಮ್ಮನ ಪ್ರಶ್ನೆಗೆ ಉತ್ತರ ಇದೇ. ನಿಂತಾಗ ಮೂಳೆ ಮೇಲೆ ಭಾರ ಇದೆ, ಇಲ್ಲ ಅನ್ನೋಕಾಗಲ್ಲ. ಆದ್ರೆ ಆ ಭಾರದಿಂದ ಆಗ್ಬೇಕಾದ ಹರಿವು ನಿಂತ ಮೊದಲ ಕ್ಷಣಗಳಲ್ಲೇ ಮುಗಿದುಹೋಯ್ತು. ಹರಿವಿಗೆ ಬೇಕಾಗಿರೋದು ಭಾರದ ಬದಲಾವಣೆ, ಎಷ್ಟು ಬೇಗ ಏರುತ್ತೆ ಎಷ್ಟು ಬೇಗ ಇಳಿಯುತ್ತೆ ಅನ್ನೋದು.

ಲ್ಯಾಬ್‌ನಲ್ಲಿ ನಾವು ಕನ್ಸಾಲಿಡೇಶನ್ ಟೆಸ್ಟ್ ಅಂತ ಮಾಡಿಸ್ತೀವಿ. ಲೋಹದ ಉಂಗುರದೊಳಗೆ ಒದ್ದೆ ಜೇಡಿಮಣ್ಣು ತುಂಬಿ, ಮೇಲೆ ಕೆಳಗೆ ನೀರು ಬಿಡೋ ಥರದ ತೂತುತೂತು ಕಲ್ಲು ಇಟ್ಟು, ತೂಕ ಹೇರಿ, ಡಯಲ್ ಗೇಜ್ ನೋಡ್ತಾ ಕೂರೋದು. ಮೊದಲ ನಿಮಿಷ ಮುಳ್ಳು ಓಡ್ತಿರುತ್ತೆ, ಹುಡುಗರು ರೀಡಿಂಗ್ ಬರ್ಕೊಳ್ಳೋಕೆ ಒದ್ದಾಡ್ತಾರೆ, ಗಂಟೆಗಟ್ಟಲೆ ಆದ್ಮೇಲೆ ಮುಳ್ಳು ಕದಲಿತೋ ಇಲ್ವೋ ಅಂತ ಕಣ್ಣು ಕಿರಿದು ಮಾಡಿ ನೋಡ್ಬೇಕು, ಮಾರನೇ ದಿನ ಬಂದು ಕೊನೆ ರೀಡಿಂಗ್ ತಗೋತಾರೆ. ಮರಳಿನಲ್ಲಾದ್ರೆ ಈ ಆಟ ಕಣ್ಣುಮಿಟುಕಿಸೋದ್ರಲ್ಲಿ ಮುಗೀತು, ಜೇಡಿಯಲ್ಲಿ ದಿನ ಹಿಡಿಯುತ್ತೆ, ಸಂದಿ ಎಷ್ಟು ಸಣ್ಣದೋ ಅಷ್ಟು ತಡ. ಮೂಳೆಯಲ್ಲೂ ಇದೇ ಇದೆ, ಹಾವರ್ಸಿಯನ್ ಕಾಲುವೆ ದೊಡ್ಡದು, ಅಲ್ಲಿ ಒತ್ತಡ ಏರಿದ್ರೂ ತಕ್ಷಣ ಇಳಿದುಹೋಗುತ್ತೆ, ಕೋಶದ ಸುತ್ತಲಿನ ಸಣ್ಣ ನಾಳದಲ್ಲಿ ಒತ್ತಡ ಸ್ವಲ್ಪ ಹೊತ್ತು ನಿಲ್ಲುತ್ತೆ, ನಡಿಗೆಯ ವೇಗಕ್ಕೆ ಸ್ಪಂದಿಸೋದು ಅದೇ ಭಾಗ.

ಒಂದು ವ್ಯತ್ಯಾಸ ಹೇಳ್ಲೇಬೇಕು. ಜೇಡಿಮಣ್ಣಿನ ಕಣಗಳ ಚೌಕಟ್ಟು ಮೆತ್ತಗೆ, ಹಾಗಾಗಿ ಮೊದಲು ಹೆಚ್ಚುಕಮ್ಮಿ ಪೂರ್ತಿ ಭಾರ ನೀರಿನ ಮೇಲೇ. ಮೂಳೆಯ ಖನಿಜ ಬಲು ಗಟ್ಟಿ, ಮೊದಲ ಕ್ಷಣದಲ್ಲೂ ಬಹುಪಾಲು ಭಾರ ಅದೇ ಹೊರುತ್ತೆ, ನೀರಿಗೆ ಸಿಗೋದು ಸಣ್ಣ ಪಾಲು. ಮತ್ತೆ ಮೂಳೆ ಕುಸಿದು ಹಾಗೇ ಕೂರಲ್ಲ, ಕಾಲು ಎತ್ತಿದ ಕೂಡಲೇ ಪೂರ್ತಿ ವಾಪಸ್ ಬರುತ್ತೆ.

ಹೇಮಾವತಿ_ದಂಡೆ, ಹಾಸನ

ಮೇಷ್ಟ್ರೇ, ತಮ್ಮಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬದು ವಿಷಯ ಅಮ್ಮಂಗೆ ಓದಿ ಹೇಳ್ದೆ, ಅವರು ಹುಟ್ಟಿ ಬೆಳೆದಿದ್ದು ಹೊಳೆನರಸೀಪುರದ ಹತ್ರ ಗದ್ದೆ ಬಯಲಲ್ಲೇ, ಒಂದೇ ಮಾತಿಗೆ ಅರ್ಥ ಆಯ್ತು. ಆದ್ರೆ ಅವರು ಇನ್ನೊಂದು ಕೇಳಿದ್ರು, ಇದನ್ನ ನಿಜವಾಗಲೂ ಯಾರಾದ್ರೂ ಪರೀಕ್ಷೆ ಮಾಡಿ ನೋಡಿದಾರಾ, ಸುಮ್ನೆ ಭಾರ ಇಟ್ಟಿದ್ದಕ್ಕೂ ಭಾರ ಎತ್ತಿ ಇಳಿಸಿದ್ದಕ್ಕೂ ಮೂಳೆ ಬೇರೆ ಬೇರೆ ಥರ ಆಗಿದ್ದು? ಮತ್ತೆ ನೀರು ಉಜ್ಜಿತು ಸರಿ, ಅದರಿಂದ ಮೂಳೆ ದಪ್ಪ ಹೇಗಾಗುತ್ತೆ?

ಮೂಡಿಗೆರೆ_ತೋಟ, ಚಿಕ್ಕಮಗಳೂರು ಜಿಲ್ಲೆ

ನಾನೂ ಈ ಥ್ರೆಡ್ ಓದ್ತಾ ಇದೀನಿ ಮಾರಾಯ್ರೇ, ಒಳ್ಳೆ ವಿಷಯ. ನಮ್ಮ ಕಡೆ ತೋಟದ ಕೆಲಸದ ಹೆಂಗಸರು ಏರು ಹತ್ತಿ ಇಳಿದು ಮಾಡೋರು, ಹಣ್ಣು ಕುಯ್ಯೋ ಟೈಮಲ್ಲಿ ಚೀಲ ಹೊತ್ತು ಕಣದ ತನಕ ಬರೋರು. ಅರವತ್ತು ದಾಟಿದೋರೂ ಹಾಗೇ ನಡೀತಾರೆ. ಅವರಿಗೂ ಮೂಳೆ ಮುರಿಯೋದೇ ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ನಿಂತು ಕೆಲಸ ಮತ್ತೆ ನಡೆದು ಕೆಲಸ ಬೇರೆ ಅನ್ನೋದು ಕಣ್ಣಿಗೆ ಕಾಣ್ತದೆ.

ನನ್ನ ಪ್ರಶ್ನೆ ಕರೆಂಟಿನದು. ಮೂಳೆ ಒತ್ತಿದ್ರೆ ಕರೆಂಟ್ ಹುಟ್ಟುತ್ತೆ, ಅದರಿಂದ ಮೂಳೆ ಬೆಳೆಯುತ್ತೆ ಅಂತ ಹಿಂದೆ ಎಲ್ಲೋ ಓದಿದ್ದೆ. ಮೊನ್ನೆ ನಮ್ಮ ಕಡೆ ಒಂದು ಕ್ಯಾಂಪ್ ಮಾಡಿ ಅದೇ ಮಾತು ಹೇಳಿ ಕಂಪನದ ಮ್ಯಾಟ್ ಮಾರ್ತಿದ್ರು, ಮಲಗಿದ್ರೆ ಸಾಕು ಮೂಳೆ ಸವೆತ ಹೋಗುತ್ತೆ ಅಂತ, ರೇಟ್ ಕೇಳಿ ನಮ್ಮತ್ತೆ ತಗೋಳ್ಳೋಕೆ ಹೊರಟಿದ್ರು. ಈ ನೀರಿನ ವಿಷಯಕ್ಕೂ ಕರೆಂಟಿಗೂ ಸಂಬಂಧ ಇದೆಯಾ?

ಕೋಶ_ಕಥೆ, ಅರಸೀಕೆರೆ

ಮೊದಲು ಅಮ್ಮನ ಪ್ರಶ್ನೆ. ಪರೀಕ್ಷೆ ಮಾಡಿದಾರೆ ಅಕ್ಕ, 1984ರಲ್ಲಿ ಲ್ಯಾನ್ಯನ್ ಮತ್ತು ರೂಬಿನ್ ಅನ್ನೋ ಇಬ್ಬರು ಟರ್ಕಿ ಕೋಳಿ ರೆಕ್ಕೆಯ ಮೂಳೆ ಮೇಲೆ. ಆ ಮೂಳೆಗೆ ಹಕ್ಕಿಯ ಓಡಾಟದಿಂದ ಯಾವ ಭಾರವೂ ಬೀಳದ ಹಾಗೆ ಬೇರ್ಪಡಿಸಿ, ಹೊರಗಿನಿಂದ ತಾವೇ ಭಾರ ಕೊಟ್ರು. ಕೆಲವಕ್ಕೆ ಏನೂ ಭಾರ ಇಲ್ಲ, ಕೆಲವಕ್ಕೆ ಒಂದೇ ಸಮ ಬಿಡದೆ ಒತ್ತಿ ಹಿಡಿದ ಭಾರ, ಇನ್ನು ಕೆಲವಕ್ಕೆ ಅಷ್ಟೇ ಭಾರ ಆದ್ರೆ ಸೆಕೆಂಡಿಗೊಂದು ಸಲ ಒತ್ತಿ ಬಿಟ್ಟು, ದಿನಕ್ಕೆ ಬರೀ 100 ಸೆಕೆಂಡು. ಎಂಟು ವಾರ ಆದ್ಮೇಲೆ ನೋಡಿದ್ರೆ ಭಾರ ಇಲ್ಲದ ಮೂಳೆ ಸವೆದಿತ್ತು, ಒಂದೇ ಸಮ ಒತ್ತಿ ಹಿಡಿದದ್ದೂ ಹಾಗೇ ಸವೆದಿತ್ತು. ಒತ್ತಿ ಬಿಟ್ಟ ಮೂಳೆ ಮಾತ್ರ ಬೆಳೆದಿತ್ತು. ದಿನವಿಡೀ ಹೊತ್ತ ಭಾರಕ್ಕೆ ಸಿಗದ ಫಲ ಎರಡು ನಿಮಿಷಾನೂ ಇಲ್ಲದ ಭಾರಕ್ಕೆ ಸಿಕ್ತು.

ಅದೇ ವರ್ಷ ಹುಂಜಗಳ ಮೇಲೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ 4 ಸಲ ಒತ್ತಿ ಬಿಟ್ರೂ ಸವೆತ ನಿಂತಿತ್ತು, 36 ಸಲಕ್ಕೆ ಮೂಳೆ ಬೆಳೀತು, 360 ಸಲ 1,800 ಸಲ ಅಂತ ಏರಿಸಿದ್ರೆ ಅದಕ್ಕಿಂತ ಹೆಚ್ಚಿನ ಲಾಭ ಇಲ್ಲ. ಕೋಶ ಒಂದಿಷ್ಟು ಸಲ ಕೇಳಿಸ್ಕೊಂಡಮೇಲೆ ಕಿವುಡಾಗುತ್ತೆ, ಮತ್ತೆ ಕೇಳಿಸ್ಕೊಳ್ಳೋಕೆ ಗಂಟೆಗಟ್ಟಲೆ ಬಿಡುವು ಬೇಕು. ಆಮೇಲೆ ಇಲಿಗಳಲ್ಲಿ ಮಾಡಿ ನೋಡಿದಾಗ ದಿನದ 360 ಒತ್ತನ್ನ ಒಂದೇ ಸಲ ಕೊಡೋದಕ್ಕಿಂತ 90ರಂತೆ ನಾಲ್ಕು ಸಲ ಬಿಡುವು ಬಿಟ್ಟು ಕೊಟ್ಟಾಗ ಮೂಳೆ ಜಾಸ್ತಿ ಬೆಳೀತು.

ಉಜ್ಜಿದ್ರೆ ದಪ್ಪ ಹೇಗೆ ಅಂದ್ರೆ, ಉಜ್ಜಿಸಿಕೊಂಡ ಕೋಶದೊಳಕ್ಕೆ ಮೊದಲು ಕ್ಯಾಲ್ಸಿಯಂ ನುಗ್ಗುತ್ತೆ, ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಗ್ಲಾಂಡಿನ್ ಥರದ ಸಂಕೇತಗಳು ಹೊರಡುತ್ತೆ, ಎಳೆ ಎಳೆ ಮುಟ್ಟಿಕೊಂಡಿರೋದ್ರಿಂದ ಪಕ್ಕದ ಕೋಶಕ್ಕೂ ಸುದ್ದಿ ಹೋಗುತ್ತೆ. ಇದರಲ್ಲಿ ಅತಿ ಮುಖ್ಯ ಅಂತ ನಾನು ಅಂದ್ಕೊಂಡಿರೋದು ಸ್ಕ್ಲೆರೋಸ್ಟಿನ್. ಇದು ಆಸ್ಟಿಯೋಸೈಟೇ ಮಾಡೋ ಪ್ರೋಟೀನು, ಇದರ ಕೆಲಸ ಮೂಳೆ ಕಟ್ಟೋ ಕೋಶಗಳಿಗೆ ಕಟ್ಟಬೇಡಿ ಅಂತ ತಡೆಯೋದು. ಭಾರ ಬಿದ್ದು ಬಿಡೋ ಜಾಗದಲ್ಲಿ ಇದು ಕಮ್ಮಿ ಆಗುತ್ತೆ, ತಡೆ ಸಡಿಲ ಆಗುತ್ತೆ, ಅಲ್ಲಿ ಹೊಸ ಮೂಳೆ ಕಟ್ಟುತ್ತೆ. ಓಡಾಟ ನಿಂತ್ರೆ ಜಾಸ್ತಿ ಆಗುತ್ತೆ. ಇದನ್ನೇ ತಡೆಯೋ ರೋಮೊಸೊಝುಮಾಬ್ ಅನ್ನೋ ಇಂಜೆಕ್ಷನ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಯಾರಿಗೆ ಕೊಡ್ಬೇಕು ಯಾರಿಗೆ ಕೊಡಬಾರದು ಅನ್ನೋದು ಡಾಕ್ಟರ್ ತೀರ್ಮಾನ, ಹೃದಯದ ತೊಂದರೆ ಇದ್ದೋರಿಗೆ ಎಚ್ಚರಿಕೆ ಇದೆ.

ಇನ್ನು ಹರಿವಿನಿಂದ ಇನ್ನೊಂದು ಉಪಕಾರ, ಊಟ. ಕೋಶ ರಕ್ತನಾಳದಿಂದ ದೂರ ಖನಿಜದೊಳಗೆ ಹುದುಗಿರುತ್ತೆ, ದೊಡ್ಡ ಅಣುಗಳು ತಾವಾಗೇ ಅಲ್ಲಿಗೆ ಸೋಸಿ ಹೋಗೋದು ಕಷ್ಟ, ಭಾರ ಬಿದ್ದು ಬಿಡೋದೇ ಅವುಗಳನ್ನ ಒಳಗೆ ತಳ್ಳುತ್ತೆ ಅಂತ ಪೀಕಾರ್ಸ್ಕಿ ಮತ್ತು ಮುನ್ರೋ 1977ರಲ್ಲೇ ಬರೆದಿದ್ರು.

ಮೂಡಿಗೆರೆ ಅಣ್ಣಂಗೆ, ಕರೆಂಟ್ ವಿಷಯ ನಿಜ, ಆದ್ರೆ ಪೂರ್ತಿ ಕಥೆ ಬೇರೆ. 1957ರಲ್ಲಿ ಜಪಾನಿನ ಫುಕಾಡಾ ಮತ್ತು ಯಾಸುದಾ ಒಣ ಮೂಳೆ ಒತ್ತಿ ವಿದ್ಯುತ್ ಅಳೆದು ತೋರಿಸಿದ್ರು, ಅದು ಕೊಲಾಜೆನ್ನಿನ ಪೀಝೋ ಗುಣ, ಅಂದ್ರೆ ಒತ್ತಿದ್ರೆ ವಿದ್ಯುತ್ ಹುಟ್ಟೋ ಗುಣ. ಒದ್ದೆ ಮೂಳೆಯಲ್ಲಿ ನೋಡಿದಾಗ ಸಿಗೋ ವೋಲ್ಟೇಜ್ ಬಹುಪಾಲು ಬೇರೆ ಕಾರಣದ್ದು ಅಂತ ಆಮೇಲೆ ಗೊತ್ತಾಯ್ತು, ನಾಳದ ಗೋಡೆಯಲ್ಲಿ ಚಾರ್ಜ್ ಇರುತ್ತೆ, ನೀರಲ್ಲಿ ಉಪ್ಪಿನ ಅಯಾನುಗಳು, ಅಂದ್ರೆ ಚಾರ್ಜ್ ಇರೋ ಕಣಗಳು ಇರುತ್ತೆ, ನೀರು ಹರಿದಾಗ ಅಯಾನುಗಳೂ ಸರಿದು ವೋಲ್ಟೇಜ್ ಏಳುತ್ತೆ, ಸ್ಟ್ರೀಮಿಂಗ್ ಪೊಟೆನ್ಷಿಯಲ್ ಅಂತಾರೆ. ಅಂದ್ರೆ ಕರೆಂಟ್ ಅಳೆದೋರು ನಿಜವಾಗಿ ನೀರಿನ ಹರಿವನ್ನೇ ಅಳೀತಿದ್ರು. ಮ್ಯಾಟ್ ಬಗ್ಗೆ ನೇರವಾಗಿ ಹೇಳ್ತೀನಿ, ಅತ್ತೆಗೆ ಬೇಡ ಅನ್ನಿ. ನಿಂತ್ಕೊಳ್ಳೋ ಕಂಪನದ ಪ್ಲಾಟ್‌ಫಾರ್ಮ್‌ಗಳ ಮೇಲೆ ಮನುಷ್ಯರಲ್ಲಿ ನಡೆದ ಪ್ರಯೋಗಗಳದ್ದೇ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬಂದಿದೆ, ಇನ್ನು ಮಲಗಿದ್ರೆ ಸವೆತ ಹೋಗುತ್ತೆ ಅನ್ನೋಕೆ ಆಧಾರ ಇಲ್ಲ. ಬೆನ್ನುಮೂಳೆ ಮೆತ್ತಗಾಗಿರೋರಿಗೆ ಜೋರು ಕಂಪನ ತೊಂದರೆನೂ ಮಾಡ್ಬಹುದು. ಆ ದುಡ್ಡಲ್ಲಿ ಡೆಕ್ಸಾ ಮಾಡಿಸಿ.

ಫಿಸಿಯೋ_ರತ್ನಗಿರಿ, ಚಿಕ್ಕಮಗಳೂರು

ನಾನು ಚಿಕ್ಕಮಗಳೂರಲ್ಲಿ ಫಿಸಿಯೋಥೆರಪಿಸ್ಟ್. ಮೇಲೆ ಎಲ್ರೂ ಚೆನ್ನಾಗಿ ಹೇಳಿದಾರೆ, ನಾನು ಅಮ್ಮನ ಕಡೆಯಿಂದ ಹೇಳ್ತೀನಿ.

ಮೊದಲನೇದು, ದಯವಿಟ್ಟು ಅಮ್ಮಂಗೆ ನಿಮ್ಮ ನಿಂತ ಕೆಲಸದಿಂದಲೇ ಹೀಗಾಯ್ತು ಅಂತ ಹೇಳ್ಬೇಡಿ. 56 ಅಂದ್ರೆ ಮುಟ್ಟು ನಿಂತು ಕೆಲವು ವರ್ಷ ಆಗಿರುತ್ತೆ, ಈಸ್ಟ್ರೋಜೆನ್ ಇಳಿದ ಮೇಲೆ ಮೂಳೆ ಕರಗಿಸೋ ಕೋಶಗಳ ಕೈ ಮೇಲಾಗುತ್ತೆ, ಸವೆತಕ್ಕೆ ದೊಡ್ಡ ಕಾರಣ ಅದು. ಶೆಡ್ ಒಳಗೇ ಇರೋರಿಗೆ ಬಿಸಿಲು ಕಮ್ಮಿ, ಅದೂ ಸೇರುತ್ತೆ. ವಯಸ್ಸಾದಂಗೆ ಆಸ್ಟಿಯೋಸೈಟ್‌ಗಳೂ ಅವುಗಳ ಎಳೆಗಳೂ ಕಮ್ಮಿ ಆಗುತ್ತೆ, ಸುದ್ದಿ ತಲುಪೋ ದಾರಿನೇ ಕಮ್ಮಿ ಆಗುತ್ತೆ. ಮತ್ತೆ ನಿಂತಿದ್ದು ಪೂರ್ತಿ ದಂಡ ಅಂತನೂ ಅಲ್ಲ, ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತೆ. ಎರಡೂ ಕಾಲ ಮೇಲೆ ಸುಮ್ನೆ ನಿಂತಾಗ ಒಂದೊಂದು ಸೊಂಟದ ಕೀಲಿನ ಮೇಲೆ ಬೀಳೋದು ಮೈ ತೂಕಕ್ಕಿಂತ ಕಮ್ಮಿ, ನಡೆಯುವಾಗ ಹೆಜ್ಜೆಹೆಜ್ಜೆಗೂ ತೂಕದ ಎರಡೂವರೆ ಮೂರು ಪಟ್ಟು ಬಿದ್ದು ಬಿಡುತ್ತೆ. ಸ್ನಾಯು ಎಳೆಯೋದೂ ಸೇರಿ ಅಷ್ಟಾಗೋದು.

ಎರಡನೇದು, ಬರೀ ವಾಕಿಂಗ್ ಸಾಕಾ? ಮಹಾರಾಜ ಪಾರ್ಕಲ್ಲಿ ಬೆಳಿಗ್ಗೆ ಸುತ್ತು ಹಾಕೋದು ಹೃದಯಕ್ಕೆ ಶುಗರ್‌ಗೆ ಬ್ಯಾಲೆನ್ಸ್‌ಗೆ ಒಳ್ಳೇದು, ಮಾಡ್ಲಿ. ಬೆನ್ನುಮೂಳೆ ಸಾಂದ್ರತೆ ಮೇಲೆ ಅದರ ಪರಿಣಾಮ ಕಮ್ಮಿ, ಯಾಕಂದ್ರೆ ಮೂಳೆಗೆ ಆ ಭಾರ ಅಭ್ಯಾಸ ಆಗಿಬಿಟ್ಟಿದೆ. ಅಭ್ಯಾಸ ಇಲ್ಲದ ಭಾರ ಬೇಕು, ಸ್ವಲ್ಪ ಚುರುಕಾಗಿ. ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಟ್ರಯಲ್ 2018ರಲ್ಲಿ ಪ್ರಕಟ ಆಯ್ತು, ಮುಟ್ಟು ನಿಂತು ಮೂಳೆ ಸವೆದ ಹೆಂಗಸರಿಗೇ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು, ಭಾರ ಎತ್ತಿಸಿದ್ರು, ನೆಗೆಸಿದ್ರು. ಬೆನ್ನುಮೂಳೆ ಸಾಂದ್ರತೆ ಅವರಲ್ಲಿ ಶೇಕಡಾ 2.9 ಏರಿತು, ಮನೇಲಿ ಹಗುರ ವ್ಯಾಯಾಮ ಮಾಡ್ಕೊಂಡಿದ್ದ ಗುಂಪಿನಲ್ಲಿ 1.2 ಇಳೀತು. ಆದ್ರೆ ಅಲ್ಲಿ ಪ್ರತಿ ಸಲವೂ ತಜ್ಞರು ಪಕ್ಕದಲ್ಲೇ ನಿಂತು ಮಾಡಿಸಿದ್ದು, ಯೂಟ್ಯೂಬ್ ನೋಡಿ ಅಮ್ಮಂಗೆ ಬಾರ್ಬೆಲ್ ಕೊಡ್ಬೇಡಿ.

ನಾನಾದ್ರೆ ಹೀಗೆ ಶುರು ಮಾಡಿಸ್ತೀನಿ, ನಿಮ್ಮ ಡಾಕ್ಟ್ರನ್ನ ಕೇಳ್ಕೊಂಡೇ ಮಾಡಿ: ಕೆಲಸದ ಟೇಬಲ್ ಹಿಡ್ಕೊಂಡು ಎರಡೂ ಹಿಮ್ಮಡಿ ಎತ್ತಿ ಧಪ್ ಅಂತ ಇಳಿಸೋದು, ಮೊದಮೊದಲು ಮೆತ್ತಗೆ, ಹತ್ತು ಸಲ ಸಾಕು. ಟೀ ಬ್ರೇಕಲ್ಲೊಂದು ಸಲ, ಊಟದ ಹೊತ್ತಲ್ಲೊಂದು ಸಲ, ಮನೆಗೆ ಬಂದಮೇಲೆ ಒಂದು ಸಲ. ಮೇಲೆ ಆ ತಮ್ಮ ಇಲಿ ಪ್ರಯೋಗ ಹೇಳಿದ್ನಲ್ಲ, ಬಿಡುವು ಬಿಟ್ಟು ಮಾಡಿದ್ರೆ ಒಳ್ಳೇದು ಅಂತ, ಅದು ಕೆಲಸಕ್ಕೆ ಹೋಗೋ ಹೆಂಗಸರಿಗೆ ಅನುಕೂಲವೇ, ಒಂದೇ ಸಲ ಗಂಟೆ ತೆಗೆದಿಡೋ ಅಗತ್ಯ ಇಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಕಂಬಿ ಹಿಡಿದು ಮೆಟ್ಟಿಲು ಹತ್ತೋದು. ಏಳುವಾಗ ಚುರುಕು, ಕೂರುವಾಗ ನಿಧಾನ.

ಮಾಡಬಾರದ್ದು ಇದಕ್ಕಿಂತ ಮುಖ್ಯ. ಸೊಂಟ ಬಗ್ಗಿಸಿ ತುಂಬಿದ ಬಿಂದಿಗೆ ಎತ್ತೋದು, ಬಗ್ಗಿಕೊಂಡೇ ಪಕ್ಕಕ್ಕೆ ತಿರುಗಿ ಬಟ್ಟೆ ಬಕೆಟ್ ಎಳೆಯೋದು ಬೇಡವೇ ಬೇಡ. ಬೆನ್ನುಮೂಳೆಯ ಮುಂಭಾಗ ಅದುಮಿ ಕುಸಿಯೋದು ಹಾಗೇನೇ. ಹಿತ್ತಲ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಅದು ಅರ್ಧ ಚಿಕಿತ್ಸೆ.

ಹೇಮಾವತಿ_ದಂಡೆ, ಹಾಸನ

ಮೇಡಂ, ತುಂಬಾ ಉಪಕಾರ ಆಯ್ತು. ಅಮ್ಮ ಮನಸ್ಸಲ್ಲಿ ನನ್ನ ತಪ್ಪು ಅಂತ ಕೊರಗ್ತಿದ್ರು, ನೀವು ಬರೆದದ್ದು ಓದಿ ಹೇಳಿದ್ದಕ್ಕೆ ಎಷ್ಟೋ ಸಮಾಧಾನ ಆದ್ರು. ಹಿತ್ತಲು ಈ ಭಾನುವಾರನೇ ಉಜ್ಜಿಸ್ತೀವಿ. ಎರಡೇ ಪ್ರಶ್ನೆ ಉಳಿದಿದೆ. ಕಾಲಿನ ವ್ಯಾಯಾಮ ಮಾಡಿದ್ರೆ ಮುರಿದ ಮಣಿಕಟ್ಟಿಗೂ ಲಾಭ ಆಗುತ್ತಾ? ಮತ್ತೆ ಮೂರು ತಿಂಗಳಿಗೆ ಇನ್ನೊಂದು ಡೆಕ್ಸಾ ಮಾಡಿಸಿ ನೋಡೋಣ್ವಾ?

ಫಿಸಿಯೋ_ರತ್ನಗಿರಿ, ಚಿಕ್ಕಮಗಳೂರು

ಕಾಲಿನದ್ದು ಕಾಲಿಗೇ. ಟೆನಿಸ್ ಆಟಗಾರರ ಮೇಲೆ 1977ರಲ್ಲಿ ಬಂದ ಒಂದು ಅಧ್ಯಯನ ಇದೆ, ಗಂಡಸರಲ್ಲಿ ಬ್ಯಾಟ್ ಹಿಡಿಯೋ ಕೈಯ ತೋಳಿನ ಮೂಳೆ ಗೋಡೆ ಇನ್ನೊಂದು ಕೈಗಿಂತ ಸುಮಾರು ಶೇಕಡಾ 35 ದಪ್ಪ ಇತ್ತು. ಒಂದೇ ಮನುಷ್ಯ, ಒಂದೇ ಊಟ, ಒಂದೇ ರಕ್ತ, ಆದ್ರೂ ನೀರು ಹರಿದ ಕಡೆ ಮಾತ್ರ ಮೂಳೆ ಕಟ್ಟಿದೆ. ಅದಕ್ಕೇ ಮಣಿಕಟ್ಟಿಗೆ ಬೇರೆ ಮಾಡ್ಬೇಕು. ಮುರಿದದ್ದು ಪೂರ್ತಿ ಕೂಡಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟ್ರು ಹೇಳಿದ ಮೇಲೆ, ಗೋಡೆಗೆ ಎರಡೂ ಅಂಗೈ ಊರಿ ಮುಂದಕ್ಕೆ ಒರಗಿ ತಳ್ಳಿ ವಾಪಸ್ ಬರೋದು, ನೋವಿದ್ರೆ ಅಲ್ಲಿಗೇ ನಿಲ್ಲಿಸಿ. ಅದಕ್ಕೂ ಮೊದಲು ಬೆರಳು ಮಡಚೋದು, ಮುಷ್ಟಿ ಹಿಡಿಯೋದು ನಡೀತಾ ಇರಲಿ. ಎಡಗೈಯಲ್ಲೂ ಮಾಡಿಸಿ, ಅದೂ ಅದೇ ಮೈಯ ಮೂಳೆ.

ಡೆಕ್ಸಾ ಮೂರು ತಿಂಗಳಿಗೆ ಬೇಡ, ದುಡ್ಡು ದಂಡ. ಹಳೇ ಮೂಳೆ ಕೆರೆದು ತೆಗೆಯೋಕೆ ಕೆಲವು ವಾರ, ಅಲ್ಲಿ ಹೊಸದು ತುಂಬೋಕೆ ಮೂರು ನಾಲ್ಕು ತಿಂಗಳು, ತುಂಬಿದ ಮೇಲೆ ಖನಿಜ ಕೂತು ಗಟ್ಟಿ ಆಗೋಕೆ ಇನ್ನೂ ತಿಂಗಳುಗಳು ಹಿಡಿಯುತ್ತೆ. ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಮತ್ತೆ ಮಾಡಿಸ್ತಾರೆ, ಮಾಡಿಸುವಾಗ ಆದಷ್ಟೂ ಮೊದಲು ಮಾಡಿಸಿದ ಮೆಷಿನ್ನಲ್ಲೇ ಮಾಡಿಸಿ, ಮೆಷಿನ್ ಬದಲಾದ್ರೆ ಅಂಕಿ ಹೋಲಿಸೋಕೆ ಬರಲ್ಲ. ಹಳೇ ರಿಪೋರ್ಟ್ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಕೊಳ್ಳಿ, ಆ ಪ್ರಿಂಟ್ ಮಾಸಿ ಹೋಗುತ್ತೆ, ಫೋನಲ್ಲೂ ಒಂದು ಫೋಟೋ ತೆಗೆದಿಡಿ.